ಇದ್ದದ್ದು ಬಡಿಸುವ ಬುಧವಾರ

ನಮ್ಮ ಹಳೆಯ ಅಯ್ಯನವರು ತೀರಿಕೊಂಡ ಸುದ್ದಿ ಗದಗಿನಿಂದ ಬಂದ ಮೇಲೆ ಪುಣೆಯ ಖಡಕಿಯ ದೇವಾಲಯದಲ್ಲಿ ನಮ್ಮ ಕನ್ನಡ ಸಭೆಯವರು ಒಂದು ಸ್ಮರಣೆಯ ಕೂಟ ಇಟ್ಟುಕೊಂಡರು. ಉತ್ತರ ಕರ್ನಾಟಕದ ಕ್ರೈಸ್ತರಲ್ಲಿ ಸಭಾಪಾಲಕರನ್ನು ಅಯ್ಯನವರು ಎಂದೇ ಕರೆಯುವುದು, ಹೆಸರು ಹಿಡಿಯುವ ರೂಢಿ ಇಲ್ಲ. ಇಲ್ಲಿಯೂ ನಾನು ಅವರ ಹೆಸರು ಬರೆಯುವುದಿಲ್ಲ. ಅವರ ಕಾಲದಲ್ಲಿ ನಾನು ಸಭೆಯ ಸೆಕ್ರೆಟರಿಯಾಗಿದ್ದೆನಾದ್ದರಿಂದ ನನಗೂ ಮಾತಾಡಲು ಹೇಳಿದರು. ಎದ್ದು ನಿಂತೆ. ಅವರು ಸರಳಜೀವಿ, ದೀನರು, ತ್ಯಾಗಿಗಳು, ಪ್ರಾರ್ಥನೆಯ ಮನುಷ್ಯರು ಎಂದೆಲ್ಲ ಹೇಳಿದೆ. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು ಕೂತೆ.

ರಿಕ್ಷಾದಲ್ಲಿ ಮನೆಗೆ ಬರುವಾಗ ನನ್ನ ಹೆಂಡತಿ ಕರುಣಾ ಕೇಳಿದಳು. "ನೀವು ಹೇಳಿದ್ದು ಯಾರ ಬಗ್ಗೆ ರೀ?"

"ಯಾಕ, ಅಯ್ಯನವರ ಬಗ್ಗೆ."

"ನನಗ ಯಾರೋ ಗ್ವಾಡಿ ಮ್ಯಾಲಿನ ಫೋಟೋದಾಗಿನ ಸಂತರ ಬಗ್ಗೆ ಅನಿಸ್ತು. ನಮ್ಮ ಅಯ್ಯನೋರು ನಿಮ್ಮ ಮಾತಿನಾಗ ಒಂದು ತುತ್ತೂ ಉಣ್ಣಲಿಲ್ಲ."

ಅವಳ ಮಾತು ನಿಜ. ಅಯ್ಯನವರ ಬಗ್ಗೆ ಹೇಳುವವರು ಊಟದಿಂದ ಶುರು ಮಾಡಬೇಕು. ಊಟದಿಂದ ಶುರು ಮಾಡಿದರೆ ನಾನು ರೂತವ್ವನಿಗೆ ಮಾಡಿದ ಅನ್ಯಾಯಕ್ಕೆ ಬಂದು ನಿಲ್ಲಬೇಕಾಗುತ್ತದೆ. ಕೂಟದಲ್ಲಿ ಆ ದಾರಿ ತಪ್ಪಿಸಿಕೊಂಡು ಸುತ್ತು ಹಾಕಿದ್ದೆ. ಹತ್ತನೆಯ ತರಗತಿಯವರೆಗೆ ಓದಿ, ಖಡಕಿಯ ಕಾರ್ಖಾನೆಯ ಸ್ಟೋರಿನಲ್ಲಿ ಜೀವನ ಕಳೆದವನು ನಾನು. ಬರೆದು ಅಭ್ಯಾಸವಿಲ್ಲ. ಆದರೂ ಈ ವಯಸ್ಸಿನಲ್ಲಿ ಆ ಮಾತನ್ನು ಒಳಗೇ ಇಟ್ಟುಕೊಂಡು ಹೋಗುವ ಮನಸ್ಸಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ಅಯ್ಯನವರು ಗಿಡ್ಡರು, ದುಂಡಗಿದ್ದರು. ಬಿಳಿ ನಿಲುವಂಗಿ ತೊಟ್ಟು ವೇದಿಕೆ ಹತ್ತಿದರೆ ಹೊಟ್ಟೆಯ ಹತ್ತಿರ ಬಟ್ಟೆ ಮುಂದೆ ಉಬ್ಬಿ, ಅವರಿಗಿಂತ ಒಂದು ಹೆಜ್ಜೆ ಮೊದಲೇ ಅದು ಹೋಗುತ್ತಿತ್ತು. ಅವರಲ್ಲಿ ಒಂದು ಹಳೆಯ ಸ್ಕೂಟರ್ ಇತ್ತು. ಅದನ್ನು ಎಡಕ್ಕೆ ಪೂರ್ತಿ ವಾಲಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಆಮೇಲೆ ಒದ್ದರೆ ಮಾತ್ರ ಶುರುವಾಗುತ್ತಿತ್ತು. "ಮೊದಲ ಇದರ ಕಡಿಂದ ನಮಸ್ಕಾರ ಮಾಡಸ್ಬೇಕ್ರಿ. ಇಲ್ಲಂದ್ರ ಸೊಕ್ಕು ಇಳಿಯಂಗಿಲ್ಲ" ಎನ್ನುತ್ತಿದ್ದರು. ಹಾಡಲು ಬರುತ್ತಿರಲಿಲ್ಲ. ಕೀರ್ತನೆ ಎತ್ತಿಕೊಳ್ಳುವುದು ಅವರಿಗೆ ಇಷ್ಟ, ಆದರೆ ಅವರು ಎತ್ತಿದ ಸ್ವರದಲ್ಲಿ ಯಾರಿಗೂ ಹಾಡಲು ಆಗುತ್ತಿರಲಿಲ್ಲ. ಎರಡನೆಯ ಸಾಲಿನ ಹೊತ್ತಿಗೆ ಹೆಂಗಸರು ಬೇರೆ ಸ್ವರಕ್ಕೆ ಇಳಿಯುತ್ತಿದ್ದರು, ಅವರು ಏನೂ ಆಗಿಲ್ಲವೆಂಬಂತೆ ಹಿಂದೆ ಬರುತ್ತಿದ್ದರು. ಜನರ ಹೆಸರು ಮರೆಯುತ್ತಿದ್ದರು. ಆದರೆ ಯಾರ ಮನೆಯಲ್ಲಿ ಏನು ಉಂಡದ್ದು ಎಂಬುದನ್ನು ಮರೆತವರಲ್ಲ. ಒಬ್ಬರನ್ನು ಅವರು ಬಹಳ ವರ್ಷ "ಹುರಳಿಕಟ್ಟಿನ ಸಾರಿನವರು" ಎಂದೇ ಗುರುತಿಸಿದರು.

ನಮ್ಮದು ಸಣ್ಣ ಸಭೆ. ಸ್ವಂತ ದೇವಾಲಯವಿಲ್ಲ. ಬ್ರಿಟಿಷರ ಕಾಲದ ಆ ಕಲ್ಲಿನ ಕಟ್ಟಡದಲ್ಲಿ ಮೊದಲು ಮರಾಠಿಯವರ ಆರಾಧನೆ, ಆಮೇಲೆ ನಮ್ಮದು, ನಮ್ಮ ನಂತರ ಇಂಗ್ಲಿಷಿನವರು. ಹಿಂದಿನ ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಮುಗಿಯುವ ಮೊದಲೇ ಇಂಗ್ಲಿಷಿನವರು ಬಾಗಿಲಲ್ಲಿ ಬಂದು ಕೆಮ್ಮುತ್ತಿದ್ದರು. ಇವರು ಬಂದ ಮೇಲೆ ಆ ಕೆಮ್ಮು ನಿಂತಿತು. ಒಂದೇ ಮಾತು ಹೇಳಿ ಇಳಿದುಬಿಡುತ್ತಿದ್ದರು. ಇನ್ನೂ ಸ್ವಲ್ಪ ಹೇಳಬಹುದಿತ್ತಲ್ಲ ಎಂದು ನಾನೊಮ್ಮೆ ಕೇಳಿದೆ.

"ಸೆಕ್ರೆಟರಿ ಸಾಹೇಬ್ರ, ಜನ ಒಂದು ಮಾತು ಮನಿತನಕ ಒಯ್ತಾರ. ಎರಡು ಕೊಟ್ರ ಒಂದು ಬಸ್ಸಿನಾಗ ಬಿಟ್ಟು ಇಳೀತಾರ."

ಕಮಿಟಿ ಸಭೆಗಳಲ್ಲಿ ನಿದ್ದೆ ಮಾಡುತ್ತಿದ್ದರು. ಒಂದು ಕ್ರಿಸ್ಮಸ್‌ಗೆ ದೇವಾಲಯದ ಗೇಟಿಗೆ ದೊಡ್ಡ ಕಮಾನು ಹಾಕಿಸಿ, ಓಡುವ ದೀಪ, ಕುಣಿಯುವ ದೀಪ, ಮೇಲೆ ಕೂಸನ್ನು ಹುಡುಕಿ ಬಂದ ಜ್ಞಾನಿಗಳ ಒಂಟೆಗಳ ಸಾಲು ಎಲ್ಲ ಮಾಡಿಸಬೇಕೆಂದು ನಾನು ಬಹಳ ಹೊತ್ತು ವಿವರಿಸಿದೆ. ಮರಾಠಿಯವರು ಬಾಯಿ ಬಿಟ್ಟು ನೋಡಬೇಕು ಎಂಬುದು ನನ್ನ ಆಸೆ. ಅಯ್ಯನವರ ಗದ್ದ ಎದೆಗೆ ತಾಗಿತ್ತು. ನಿಮ್ಮ ಅಭಿಪ್ರಾಯ ಏನೆಂದು ಕೇಳಿದಾಗ ಕಣ್ಣು ತೆರೆಯದೆಯೇ ಹೇಳಿದರು. "ಆವಾಗ ಒಂದ ನಕ್ಷತ್ರದಾಗ ದಾರಿ ಸಿಕ್ಕಿತ್ತಲ್ರಿ." ಕಮಾನು ಅಲ್ಲಿಗೇ ನಿಂತಿತು.

ನನ್ನ ಪ್ರಾರ್ಥನೆಗಳ ಬಗ್ಗೆಯೂ ಹೇಳಬೇಕು. ಪ್ರಾರ್ಥನೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೆ ಗರ್ವವಿತ್ತು. ಶುರುಮಾಡಿದರೆ ಪ್ರಧಾನ ಮಂತ್ರಿಯಿಂದ ಹಿಡಿದು ಗಡಿಯ ಸೈನಿಕರು, ರೈತರು, ಕೈದಿಗಳು, ಆಸ್ಪತ್ರೆಯವರು, ಭೂಕಂಪದವರು, ಎಲ್ಲರನ್ನೂ ಮುಟ್ಟಿಕೊಂಡು ಬಂದು ಕೊನೆಗೆ ಪುಣೆಗೆ ಇಳಿಯುತ್ತಿದ್ದೆ. ಒಮ್ಮೆ ಹಾಗೆ ಮುಗಿಸಿ ಕಣ್ಣು ತೆರೆದಾಗ ಅಯ್ಯನವರು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು. "ಭಾಳ ಚಲೋ ಆತು. ಆದ್ರ ದೇವರಿಗೆ ದಿನಾ ಪೇಪರ್ ಓದಿ ಹೇಳೂ ಜರೂರಿ ಇಲ್ರಿ. ಅವರು ಮೊದಲ ಓದಿರ್ತಾರ." ನನಗೆ ಸಿಟ್ಟು ಬಂತು. ಮನೆಗೆ ಬಂದು ಕರುಣಾಳ ಮುಂದೆ ಹೇಳಿದರೆ ಅವಳು ಬಾಗಿಲಿಗೆ ಆತುಕೊಂಡು ನಕ್ಕಳು.

ಈಗ ಬುಧವಾರಕ್ಕೆ ಬರುತ್ತೇನೆ. ಪ್ರತಿ ಬುಧವಾರ ಸಂಜೆ ಸಭೆಯ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆ. ಪಾಳಿಯ ಪ್ರಕಾರ ಮನೆಯಿಂದ ಮನೆಗೆ ಹೋಗುವುದು. ನಾನು ಪುಣೆಗೆ ಬಂದ ಹೊಸದರಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಂದು ಕಪ್ ಚಹಾ ಕೊಡುತ್ತಿದ್ದರು. ಆಮೇಲೆ ಯಾರೋ ಚಹಾದ ಜೊತೆಗೆ ಬಿಸ್ಕೀಟು ಇಟ್ಟರು. ಮುಂದಿನ ಮನೆಯವರು ಭಜಿ ಮಾಡಿದರು. ಅದರ ಮುಂದಿನವರು ಉಪ್ಪಿಟ್ಟು, ಶಿರಾ. ಕೊನೆಗೆ ಅದನ್ನು ಬಿರಿಯಾನಿಗೆ ಮುಟ್ಟಿಸಿದವನು ನಾನೇ. ಭೂಮಿ ಅಗ್ಗ ಇದ್ದಾಗ ವಿಮಾನ ನಗರದಲ್ಲಿ ಒಂದು ಫ್ಲ್ಯಾಟು ತೆಗೆದುಕೊಂಡಿದ್ದೆ. ಅದನ್ನು ನಾಲ್ಕು ಜನ ನೋಡಬೇಕಲ್ಲ. ಚಿಕನ್ ಬಿರಿಯಾನಿ, ಮಟನ್ ಸಾರು, ಜಾಮೂನು, ಮೇಲೆ ಕೇಕು. ಪ್ರಾರ್ಥನೆಯ ನಡುವೆಯೇ ಅಡಿಗೆಮನೆಯಿಂದ ಘಮ ಬಂದು, "ಆಮೆನ್" ಎನ್ನುವ ದನಿಯಲ್ಲಿ ಅವಸರ ಕೇಳಿಸುತ್ತಿತ್ತು.

ಹೀಗಾಗುತ್ತ ಪಾಳಿ ಸಣ್ಣದಾಯಿತು. ಖಡಕಿ ಬಜಾರಿನ ಹಿಂದೆ ಒಂದೊಂದು ಕೋಣೆಯ ಖೋಲಿಯಲ್ಲಿ ಇರುವ ನಮ್ಮ ಜನ "ಮನಿ ಸಣ್ಣದ ರೀ" ಎನ್ನತೊಡಗಿದರು. ಮನೆ ಮೊದಲೂ ಅಷ್ಟೇ ಇತ್ತು ಎಂಬುದು ನಮಗೆ ಹೊಳೆಯಲಿಲ್ಲ. ಅಥವಾ ಹೊಳೆದರೂ ಕೇಳಲಿಲ್ಲ. ಕೊನೆಗೆ ನಮ್ಮಂಥ ಕೆಲವೇ ಮನೆಗಳು ಉಳಿದವು.

ಅಯ್ಯನವರು ಬಂದ ಮೇಲೆ ಮೊದಲ ಬುಧವಾರ ನಮ್ಮ ಮನೆಯಲ್ಲಿ. ಅವರು ಸಂಕೋಚವಿಲ್ಲದೆ ಉಂಡರು. ಬಿರಿಯಾನಿಯನ್ನು ಮೂರು ಸಲ ಹಾಕಿಸಿಕೊಂಡರು. ಕರುಣಾಳನ್ನು ಕರೆದು, "ಅಕ್ಕಾರ, ನಿಮ್ಮ ಕೈಯಾಗ ಕೃಪಾ ಅದ" ಎಂದು ಹೇಳಿದರು. ಆಮೇಲೆ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ, "ಬರೂ ವಾರ ಯಾರ ಮನಿ?" ಎಂದು ಕೇಳಿದರು. ಉಳಿದವರೂ ತಲೆ ತಗ್ಗಿಸಿ ತಮ್ಮ ಚಪ್ಪಲಿ ಹುಡುಕತೊಡಗಿದರು. ಅಯ್ಯನವರು ಎಲ್ಲರ ಮುಖ ನೋಡಿದರು. "ಹೌದು ಬಿಡ್ರಿ. ಇಂಥಾ ಊಟ ಆದಮ್ಯಾಲ ನಮ್ಮ ಮನಿಗೆ ಬರ್ರಿ ಅನ್ನಾಕ ಯಾರಿಗೆ ಧೈರ್ಯ ಆದೀತು" ಅಂದರು. ಎಲ್ಲರೂ ನಕ್ಕರು. ಅದು ನನ್ನ ಹೊಗಳಿಕೆ ಎಂದುಕೊಂಡು ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ.

ಮುಂದಿನ ಭಾನುವಾರ, ಕರ್ತನು ಐದು ರೊಟ್ಟಿ ಎರಡು ಮೀನಿನಲ್ಲಿ ಸಾವಿರಾರು ಜನರಿಗೆ ಉಣಿಸಿದ ಬೈಬಲಿನ ಕಥೆಯ ಮೇಲೆ ಪ್ರಸಂಗ ಮಾಡಿದರು. "ಅಷ್ಟು ಮಂದಿ ಹಸಿದು ಕುಂತಿದ್ರು. ಕರ್ತನು ಶಿಷ್ಯರಿಗೆ ಏನು ಕೇಳಿದ? ನಿಮ್ಮಲ್ಲಿ ಇದ್ದದ್ದು ಏನದ ಅಂತ ಕೇಳಿದ. ಚಲೋದು ಏನದ ಅಂತ ಕೇಳಲಿಲ್ಲ." ಅಷ್ಟೇ ಪ್ರಸಂಗ. ಇಳಿಯುವ ಮೊದಲು ಒಂದು ಪ್ರಕಟಣೆ ಮಾಡಿದರು. ಇನ್ನು ಮೇಲೆ ಬುಧವಾರದ ಪ್ರಾರ್ಥನೆಯಲ್ಲಿ ಆ ಮನೆಯಲ್ಲಿ ಅಂದು ತಮಗಾಗಿ ಏನು ಮಾಡಿಕೊಂಡಿದ್ದಾರೋ ಅದನ್ನೇ, ಇದ್ದಷ್ಟನ್ನೇ, ಎಲ್ಲರಿಗೂ ಒಂದೊಂದು ತುತ್ತು ಬಡಿಸಬೇಕು. ಹೊರಗಿನಿಂದ ತರಕೂಡದು, ಬಂದವರಿಗಾಗಿ ಬೇರೆ ಮಾಡಕೂಡದು. ಏನೂ ಇಲ್ಲದಿದ್ದರೆ ನೀರು ಕೊಡಬೇಕು. ಜನ ಅದಕ್ಕೆ 'ಇದ್ದದ್ದು' ಎಂದೇ ಹೆಸರಿಟ್ಟರು. "ಇವತ್ತಿನ ಇದ್ದದ್ದು ಏನ್ರಿ?" ಎಂದು ಮೆಟ್ಟಿಲು ಹತ್ತುವಾಗಲೇ ಕೇಳುವುದು ರೂಢಿಯಾಯಿತು.

ನಾನು ಸುಲಭಕ್ಕೆ ಸೋಲುವವನಲ್ಲ. ನಮ್ಮ ಪಾಳಿ ಮತ್ತೆ ಬಂದಾಗ, ಇವತ್ತು ನಮ್ಮ ಮನೆಯಲ್ಲಿ ಸಹಜವಾಗಿ ಬಿರಿಯಾನಿಯೇ ಆಗಿದೆ ಎಂದು ಹೇಳಿ ಅದನ್ನೇ ಇಟ್ಟೆ. ಅಯ್ಯನವರು ಪಾತ್ರೆಯ ಒಳಗೆ ಇಣುಕಿ ನೋಡಿದರು. "ಬುಧವಾರ ನಿಮ್ಮಲ್ಲೆ ಇದ ಇರ್ತದೇನ್ರಿ ಅಕ್ಕಾರ? ಹಂಗಾರ ಪ್ರಾರ್ಥನಿ ಇಲ್ಲದಿದ್ರೂ ಬರ್ತೇನಿ." ಕರುಣಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುಂದಿನ ಬುಧವಾರ ಪ್ರಾರ್ಥನೆ ಬೇರೆ ಕಡೆ ಇತ್ತು. ಅದು ಮುಗಿದ ಮೇಲೆ ನಾವು ಮನೆಗೆ ಬಂದು ಊಟಕ್ಕೆ ಕೂಡುವ ಹೊತ್ತಿಗೆ ಕೆಳಗೆ ಸ್ಕೂಟರಿನ ಸದ್ದಾಯಿತು. ಬಾಗಿಲು ತೆರೆದರೆ ಅವರೇ. ಅಂದು ನಮ್ಮಲ್ಲಿ ಇದ್ದದ್ದು ತಂಗಳ ರೊಟ್ಟಿ ಮತ್ತು ಹೆಸರುಕಾಳಿನ ಪಲ್ಯ. ಅವರು ಅದನ್ನು ಬಿರಿಯಾನಿಗಿಂತ ಹೆಚ್ಚು ಸಂತೋಷದಿಂದ ಉಂಡು, ರೊಟ್ಟಿಯ ಚೂರುಗಳನ್ನು ಮೊಸರಿನಲ್ಲಿ ಕಲಸಿ ಮುಗಿಸಿ, "ಇವತ್ತ ನಿಮ್ಮ ಮನ್ಯಾಗ ಉಂಡಂಗಾತು ನೋಡ್ರಿ" ಎಂದು ಹೇಳಿ ಹೋದರು. ಕರುಣಾ ಅಂದಿನಿಂದ ಅವರ ಪಕ್ಷ.

ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಒಂದು ಮನೆಯಲ್ಲಿ ಚುರುಮುರಿ, ಒಂದು ಮನೆಯಲ್ಲಿ ಗಂಜಿ. ವಿಮಾನ ನಗರದಲ್ಲಿ ನಾಲ್ಕು ಜನ ಹುಡುಗಿಯರು ಒಂದು ಮನೆ ಮಾಡಿಕೊಂಡಿದ್ದರು, ಮೈಸೂರು ಕಡೆಯವರು, ಕಂಪ್ಯೂಟರ್ ಕೆಲಸ. ಅವರು ಒಂದು ಪಾತ್ರೆ ನೂಡಲ್ಸ್ ತಂದಿಟ್ಟು, "ಅಯ್ಯನವ್ರೇ, ಪ್ರಾಮಿಸ್, ಇದ್ದಿದ್ದು ಇದೇ. ಆಫೀಸಿಂದ ಬರೋದೇ ಲೇಟಾಯ್ತು" ಎಂದರು. ಅಯ್ಯನವರು ಬೆರಳಿಂದ ಎತ್ತಿದರು, ಅದು ಜಾರಿ ಗಡ್ಡಕ್ಕೆ ಹತ್ತಿಕೊಂಡಿತು. "ಶಾವಿಗಿ ಭಾಳ ಉದ್ದ ಕಡದೀರವ್ವ" ಎಂದು ಹೇಳಿ ಮತ್ತೊಮ್ಮೆ ಹಾಕಿಸಿಕೊಂಡರು.

ಹೀಗಿರುವಾಗ ರೂತವ್ವ ನನ್ನ ಹತ್ತಿರ ಬಂದಳು. ಇಳಕಲ್ ಕಡೆಯವಳು, ಗಂಡ ತೀರಿಕೊಂಡಿದ್ದ, ಒಂದು ಶಾಲೆಯಲ್ಲಿ ಆಯಾ ಆಗಿದ್ದಳು. ಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ. ದೇವಾಲಯದಲ್ಲಿ ಕಡೆಯ ಬೆಂಚಿನಲ್ಲಿ ಕೂತು, ಆಶೀರ್ವಾದವಾಗುತ್ತಲೇ ಯಾರೊಡನೆಯೂ ಮಾತಾಡದೆ ಹೋಗಿಬಿಡುವವಳು. ಗಂಡ ಹೋದ ಮೇಲೆ ಅವಳ ಮನೆಯಲ್ಲಿ ಪ್ರಾರ್ಥನೆ ಆಗಿರಲಿಲ್ಲ. "ಸೆಕ್ರೆಟ್ರಿಯವರ, ನನ್ನ ಮನಿಗೂ ಒಂದು ಬುಧವಾರ ಬರ್ರಿ. ಈಗ ಕರೀಬೌದಲ್ಲ?" ಎಂದಳು. ಪಾಳಿ ಹಚ್ಚುವವನು ನಾನು. "ನೋಡೂಣು" ಎಂದೆ. ಮತ್ತೆ ಕೇಳಿದಾಗಲೂ ನೋಡೋಣ ಎಂದೆ. ಆ ಗಲ್ಲಿ, ಆ ಮೋರಿ, ಆ ಖೋಲಿ ನನಗೆ ಗೊತ್ತಿತ್ತು. ಕೊನೆಗೆ ಅವಳು ಅಯ್ಯನವರಿಗೇ ಹೇಳಿದಳು. ಅವರು ನನ್ನನ್ನು ಏನೂ ಕೇಳದೆ ಒಂದು ಬುಧವಾರ ಗೊತ್ತು ಮಾಡಿದರು.

ಅದೇ ವಾರ ಬಿಷಪ್ಪರು ಪುಣೆಗೆ ಬರುವುದು ನಿಶ್ಚಯವಾಯಿತು. ಮನೆ ಪ್ರಾರ್ಥನೆಗೂ ಬರುತ್ತೇನೆಂದು ಹೇಳಿಕಳಿಸಿದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೊಸ ಪರದೆ ಹೊಲಿಸಲು ಹಾಕಿದೆ. ಕಮಿಟಿಯಲ್ಲಿ ವಿಷಯ ಬಂದಾಗ ಅಯ್ಯನವರು ಅಂದು ನಿದ್ದೆ ಮಾಡಿರಲಿಲ್ಲ.

"ಬುಧವಾರ ರೂತವ್ವನ ಪಾಳಿ ಅದ ಅಲ್ಲೇನ್ರಿ" ಎಂದರು.

"ಅದನ್ನ ಮುಂದಿನ ವಾರ ಮಾಡಿದ್ರಾತು. ಅಲ್ಲೆ ಬಿಷಪ್ಪರನ್ನ ಎಲ್ಲೆ ಕೂಡಸೂದ್ರಿ?"

"ನೆಲ ಇಲ್ಲೇನ್ರಿ ಆಕಿ ಮನ್ಯಾಗ?"

"ಉಣ್ಣಾಕ ಏನು ಕೊಡ್ತಾಳ?"

"ನಿಮಗೂ ಬಿಷಪ್ಪರಿಗೂ ನನಗೂ ಒಂದ ಕೊಡ್ತಾಳ. ಅಷ್ಟ ಬೇಕಾಗಿರೂದು."

ನಾನು ಬಾಯಿ ಮುಚ್ಚಿಕೊಂಡೆ. ಮನಸ್ಸು ಮುಚ್ಚಿಕೊಳ್ಳಲಿಲ್ಲ. ಸಭೆಯ ಮರ್ಯಾದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಬುಧವಾರ ಮಧ್ಯಾಹ್ನ, ಯಾರಿಗೂ ತಿಳಿಸದೆ, ಒಬ್ಬ ಕೇಟರರ್ ಹತ್ತಿರ ಬಿರಿಯಾನಿ, ಕಬಾಬು, ಸಿಹಿ ಎಲ್ಲ ಮಾಡಿಸಿ, ಜೊತೆಗೆ ಬಾಡಿಗೆ ಕುರ್ಚಿ, ಒಂದು ಕೆಂಪು ಜಮಖಾನೆ ಹಾಕಿಕೊಂಡು ಟೆಂಪೊದಲ್ಲಿ ರೂತವ್ವನ ಮನೆಗೆ ಹೋದೆ.

ಅವಳು ಖೋಲಿಯನ್ನು ತೊಳೆದು, ಗೋಡೆಯ ಕೆಳಭಾಗಕ್ಕೆ ಸುಣ್ಣ ಬಳಿದು, ನೆಲದ ಮೇಲೆ ಸೀರೆಗಳನ್ನು ಮಡಚಿ ಹಾಸಿದ್ದಳು. ಒಲೆಯ ಪಕ್ಕದಲ್ಲಿ ದೊಡ್ಡ ಪಾತ್ರೆ ತುಂಬ ತಾನು ದಿನವೂ ಉಣ್ಣುವ ಕಡಲೆಹಿಟ್ಟಿನ ಜುಣಕ, ಬೆಳ್ಳುಳ್ಳಿಯ ಒಗ್ಗರಣೆ ಹಾಕಿದ್ದು, ಬುಟ್ಟಿಯಲ್ಲಿ ಬಟ್ಟೆ ಮುಚ್ಚಿದ ರೊಟ್ಟಿ. ನಾನು ಅವಳನ್ನು ಕೇಳಲಿಲ್ಲ. ಹೇಳಿದೆ. "ತಂಗೆವ್ವ, ದೊಡ್ಡವರು ಬರಾಕತ್ತಾರ. ಇದು ಸಭಾದ ಮಾನದ ಪ್ರಶ್ನಿ. ನಿಂದು ಅಡಗಿ ಒಳಗ ಇಡು." ಒಳಗೆ ಎಂಬುದು ಆ ಮನೆಯಲ್ಲಿ ಇರಲಿಲ್ಲ. ಅವಳು ಪಾತ್ರೆಯನ್ನೂ ಬುಟ್ಟಿಯನ್ನೂ ಮಂಚದ ಕೆಳಗೆ ತಳ್ಳಿದಳು. ಹಾಸಿದ ಸೀರೆಗಳನ್ನು ಎತ್ತಿ ಮಡಚಿದಳು.

ಅಯ್ಯನವರು ಬಿಷಪ್ಪರ ಜೊತೆ ಬಂದರು. ಬಾಗಿಲಲ್ಲಿ ನಿಂತು ಕುರ್ಚಿಗಳನ್ನು ನೋಡಿದರು, ಸ್ಟೀಲಿನ ದೊಡ್ಡ ಡಬ್ಬಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕುರ್ಚಿಯಲ್ಲಿ ಕೂಡಲಿಲ್ಲ, ಬಾಗಿಲ ಹತ್ತಿರ ನೆಲಕ್ಕೆ ಕೂತರು. ಕೀರ್ತನೆ ಆಯಿತು, ಪ್ರಾರ್ಥನೆ ಆಯಿತು. ಊಟ ಬಡಿಸಿದೆವು. ಬಿಷಪ್ಪರು ಒಳ್ಳೆಯ ಮನುಷ್ಯರು, ಮನಸ್ಸು ತುಂಬಿ ರೂತವ್ವನನ್ನು ಕರೆದು, "ಇಷ್ಟೆಲ್ಲ ಒಬ್ಬಳೇ ಮಾಡಿದೆಯೇನಮ್ಮಾ?" ಎಂದು ಕೇಳಿದರು.

ಅವಳು ಗೋಡೆಗೆ ಆತು ನಿಂತಿದ್ದಳು. "ನನಗೇನ ಗೊತ್ತಿಲ್ರಿ. ನಾನೂ ಇವತ್ತ ಈ ಮನಿಗೆ ಬಂದಾಕಿನ ಅದೀನಿ."

ಬಿಷಪ್ಪರು ತಮಾಷೆ ಎಂದುಕೊಂಡು ನಕ್ಕರು. ಅವರು ನಕ್ಕರೆಂದು ಉಳಿದವರು ನಕ್ಕರು. ನಾನೂ ನಕ್ಕೆ. ಅಯ್ಯನವರು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೈ ತೊಳೆಯಲು ಎದ್ದರು. ಬಿರಿಯಾನಿ ಹಾಗೆಯೇ ಇತ್ತು. ಅವರು ತಟ್ಟೆಯಲ್ಲಿ ಅನ್ನ ಬಿಟ್ಟದ್ದನ್ನು ನಾನು ನೋಡಿದ್ದು ಆ ಒಂದು ಸಲ.

ಮುಂದಿನ ಭಾನುವಾರ ಕಡೆಯ ಬೆಂಚು ಖಾಲಿ. ಅದರ ಮುಂದಿನ ಭಾನುವಾರವೂ ಖಾಲಿ. ಕರುಣಾ ನನ್ನೊಡನೆ ಮಾತು ಕಡಿಮೆ ಮಾಡಿದಳು. ಅಯ್ಯನವರು ರೂತವ್ವನ ಮನೆಗೆ ಹೋಗಿ ಬಂದರೆಂದು ಗೊತ್ತಾಯಿತು. ನನ್ನನ್ನು ಮಾತ್ರ ಏನೂ ಕೇಳಲಿಲ್ಲ. ಎಂದಿನಂತೆ ಸೆಕ್ರೆಟರಿ ಸಾಹೇಬ್ರ ಎಂದು ನಗುತ್ತಲೇ ಮಾತಾಡಿಸುತ್ತಿದ್ದರು. ಅದನ್ನು ತಾಳಲಾರದೆ ಒಂದು ಸಂಜೆ ನಾನೇ ಅವರ ಮನೆಗೆ ಹೋದೆ. ಅಂಗಳದಲ್ಲಿ ಕೂತು ಸ್ಕೂಟರಿನ ಪ್ಲಗ್ಗು ಉಜ್ಜುತ್ತಿದ್ದರು.

"ಅಯ್ಯನವರ, ನನ್ನ ಬೈಯಿರಿ" ಎಂದೆ.

"ಬೈದ್ರ ನಿಮಗ ಹಗುರ ಆಕ್ಕದ. ರೂತವ್ವಗ ಏನು ಆಕ್ಕದ?"

ನಾನು ಯೋಚಿಸಿಕೊಂಡು ಬಂದದ್ದನ್ನು ಹೇಳಿದೆ. ಬರುವ ಭಾನುವಾರ ಇಡೀ ಸಭೆಯ ಮುಂದೆ ನಿಲ್ಲುತ್ತೇನೆ. ನನ್ನ ಗರ್ವವನ್ನೆಲ್ಲ ಮೊದಲಿನಿಂದ ಹೇಳಿಕೊಳ್ಳುತ್ತೇನೆ. ಮೊಣಕಾಲೂರಿ ಕ್ಷಮೆ ಕೇಳುತ್ತೇನೆ. ಸೆಕ್ರೆಟರಿ ಕೆಲಸಕ್ಕೆ ಎಲ್ಲರೆದುರಿಗೇ ರಾಜೀನಾಮೆ ಕೊಡುತ್ತೇನೆ. ಹೇಳುತ್ತ ಹೇಳುತ್ತ ನನಗೇ ಅಳು ಬಂತು.

ಅವರು ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರು. "ನೋಡ್ರಿ, ಕ್ಷಮಾ ಕೇಳೂದ್ರಾಗೂ ಬಿರಿಯಾನಿ ಮಾಡಾಕತ್ತೀರಿ."

ನಾನು ಕರವಸ್ತ್ರ ಹುಡುಕಿದೆ.

"ನೀವು ನಿಂತು ಅಳ್ತೀರಿ. ಮಂದಿ ಎಲ್ಲಾ ಎಂಥಾ ದೊಡ್ಡ ಮನಸ್ಸು ಸೆಕ್ರೆಟರಿಯವರದು ಅಂತಾರ. ರೂತವ್ವ ಆ ಹೊತ್ತಿಗೆ ತನ್ನ ಖೋಲಿಯಾಗ ಕುಂತಿರ್ತಾಳ. ಅದು ಬ್ಯಾಡ. ಆಕಿ ಮನಿಗೆ ಹೋಗ್ರಿ. ಕೈಯಾಗ ಏನೂ ಒಯ್ಯಬ್ಯಾಡ್ರಿ. ಹಸಕೊಂಡು ಹೋಗ್ರಿ."

"ಹೋಗಿ ಏನನ್ಲಿ?"

"ಹಸಿದವರು ಏನಂತಾರೋ ಅದನ್ನ ಅನ್ರಿ."

ಬರಿಗೈಯಲ್ಲಿ ಹೋಗುವುದು ಎಷ್ಟು ಕಷ್ಟ ಎಂಬುದು ಅಂದು ಗೊತ್ತಾಯಿತು. ಮಧ್ಯಾಹ್ನದ ಊಟ ಬಿಟ್ಟು ಹೊರಟವನು ಬಜಾರಿನಲ್ಲಿ ತಡೆಯಲಾರದೆ ಸೇಬು, ದ್ರಾಕ್ಷಿ, ಮೋಸಂಬಿಯ ಒಂದು ದೊಡ್ಡ ಚೀಲ ಕಟ್ಟಿಸಿದೆ. ಗಲ್ಲಿಯ ಬಾಯಿಯಲ್ಲಿ ಅಯ್ಯನವರ ಮಾತು ನೆನಪಾಯಿತು. ಅಲ್ಲಿದ್ದ ಇಸ್ತ್ರಿಯವನಿಗೆ "ಹೇ ಘ್ಯಾ" ಎಂದು ಚೀಲವನ್ನೇ ಚಾಚಿದೆ. "ಕಶಾಲಾ?" ಎಂದ ಅವನು. ಯಾತಕ್ಕೆ ಎಂದು ನನಗಾದರೂ ಏನು ಗೊತ್ತು. ಮರಾಠಿಯಲ್ಲಿ ವಿವರಿಸುವ ಶಕ್ತಿ ಇರಲಿಲ್ಲ. ಅವನ ಮೇಜಿನ ಮೇಲೆ ಚೀಲ ಇಟ್ಟು ಓಡಿಬಂದೆ.

ರೂತವ್ವ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

"ಇವತ್ತ ಯಾರು ಬರೂರು ಅದಾರ್ರಿ ಸೆಕ್ರೆಟ್ರಿಯವರ?"

"ಯಾರೂ ಇಲ್ಲ. ನಾ ಒಬ್ಬನ."

"ಟೆಂಪೊ ಹಿಂದಿಂದ ಬರಾಕತ್ತೈತೇನು?"

"ಇಲ್ಲ."

"ಮತ್ತ?"

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಬಿಟ್ಟೆ. "ಹಸಿವಾಗೇದ ತಂಗೆವ್ವ" ಎಂದೆ.

ಅವಳು ಸೊಪ್ಪನ್ನು ಕೆಳಗಿಟ್ಟಳು. "ಯಾಕ್ರಿ, ಅಕ್ಕಾರು ಆರಾಮಿಲ್ಲೇನು?"

"ಆಕಿ ಆರಾಮ ಅದಾಳ. ಅಯ್ಯನವರು ಇಲ್ಲೆ ಹಸಕೊಂಡು ಹೋಗು ಅಂದ್ರು."

ಅವಳು ಮುಖ ತಿರುಗಿಸಿದಳು. ಹೆಗಲು ಅಲುಗುತ್ತಿತ್ತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಸೊಪ್ಪು ಎತ್ತಿಕೊಂಡು ಎದ್ದು, "ಒಳಗ ಬರ್ರಿ. ನೆಲಕ್ಕ ಕೂಡಬೇಕಾಗ್ತೈತಿ" ಎಂದಳು. ತಟ್ಟೆಯಲ್ಲಿ ಎರಡು ರೊಟ್ಟಿ ಹಾಕಿ, ಪುಂಡಿಪಲ್ಯ ನೀಡಿದಳು. ಉಣ್ಣುತ್ತ ಹೇಳಿದೆ. "ಅವತ್ತ ನಾ ಮಾಡಿದ್ದು ತಪ್ಪವ್ವ."

"ಗೊತ್ತೈತಿ. ಉಣ್ರಿ."

"ಆ ಜುಣಕ..."

"ಮರುದಿನ ಸಾಲಿಗೆ ಒಯ್ದು ಅಲ್ಲಿ ಆಯಾಗೋಳಿಗೆ ಕೊಟ್ಟೆ. ಭಾಳ ಚಲೋ ಆಗೈತಿ ಅಂದ್ರು. ನನಗ ತುತ್ತು ಇಳೀಲಿಲ್ಲ." ಒಲೆಯ ಕಡೆ ತಿರುಗಿ ಮತ್ತೆ ಹೇಳಿದಳು. "ನಮ್ಮವ್ರು ಹೋದಮ್ಯಾಲ ಮೊದಲನೇ ಸಲ ಅಷ್ಟು ಮಂದಿಗೆ ಮಾಡಿದ್ನಿ ನೋಡ್ರಿ."

ನಾನು ತಲೆ ಎತ್ತದೆ ಉಂಡೆ. ತಟ್ಟೆಯಲ್ಲಿ ಏನೂ ಬಿಡಲಿಲ್ಲ. ಮತ್ತೊಂದು ರೊಟ್ಟಿ ಹಾಕಿದಳು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಅಲ್ಲಿಂದ ನೇರವಾಗಿ ಅಯ್ಯನವರ ಮನೆಗೆ ಹೋದೆ. ಏನಾಯಿತು, ಏನಂದಳು ಎಂದು ಕೇಳುತ್ತಾರೆ ಎಂದುಕೊಂಡಿದ್ದೆ.

"ಏನು ನೀಡಿದಳು?" ಎಂದು ಕೇಳಿದರು.

"ರೊಟ್ಟಿ, ಪುಂಡಿಪಲ್ಯ."

"ಹೆಂಗಿತ್ತು?"

"ಉಪ್ಪು ಜರಾ ಜಾಸ್ತಿ ಆಗಿತ್ರಿ."

ಅವರು ಬಹಳ ಗಂಭೀರವಾಗಿ ಯೋಚಿಸಿದರು. "ಹಂಗಾರ ಸಿಟ್ಟು ಇನ್ನೂ ಅದ. ಮತ್ತ ಹೋಗ್ರಿ."

ಮತ್ತೆ ಹೋದೆ. ಆಮೇಲೆ ಮತ್ತೆ. ಶಾಲೆಯಿಂದ ಅವಳು ಬರುವ ಹೊತ್ತು ನೋಡಿಕೊಂಡು, ಬರಿಗೈಯಲ್ಲಿ, ಹಸಿದುಕೊಂಡು. ಇಸ್ತ್ರಿಯವನು ನನ್ನನ್ನು ಕಂಡಾಗೆಲ್ಲ ಎದ್ದು ನಿಂತು ಹಣ್ಣು ಎಲ್ಲಿ ಎಂಬಂತೆ ನನ್ನ ಕೈ ನೋಡುತ್ತಿದ್ದ. ಒಂದು ದಿನ ನುಚ್ಚು ಮಜ್ಜಿಗೆ, ಒಂದು ದಿನ ಬರಿ ಚಹಾ ಮತ್ತು ಬ್ರೆಡ್ಡು. ನಾವು ಮಾತಾಡಿದ್ದು ಕಡಿಮೆ. ಅವಳ ಗಂಡನ ಬಗ್ಗೆ ಸ್ವಲ್ಪ, ನನ್ನ ಕಾರ್ಖಾನೆಯ ಬಗ್ಗೆ ಸ್ವಲ್ಪ. ಅವನೂ ಅಲ್ಲಿಯೇ ಹಮಾಲನಾಗಿದ್ದನಂತೆ. ನನ್ನ ಸ್ಟೋರಿಗೆ ಪೆಟ್ಟಿಗೆ ಹೊತ್ತು ಹಾಕಿದವನು, ಅಲ್ಲಿ ಅವನನ್ನು ಕಂಡ ನೆನಪೇ ನನಗಿರಲಿಲ್ಲ. ಅದನ್ನೂ ಹೇಳಿದೆ. "ನೆನಪ ಇದ್ರ ನೀವು ಸೆಕ್ರೆಟ್ರಿ ಆಗ್ತಿರಲಿಲ್ಲ ತಗೋರಿ" ಎಂದಳು. ಅಂದು ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕೆವು.

ಒಂದು ಭಾನುವಾರ ಆರಾಧನೆ ಶುರುವಾದ ಮೇಲೆ ಹಿಂದೆ ಬೆಂಚು ಕಿರುಗುಟ್ಟಿತು. ನಾನು ತಿರುಗಿ ನೋಡಲಿಲ್ಲ. ಕರುಣಾ ನೋಡಿದಳು, ಎದ್ದು ಹಿಂದಕ್ಕೆ ಹೋಗಿ ಅಲ್ಲಿಯೇ ಕೂತಳು. ಆಶೀರ್ವಾದವಾದ ಮೇಲೆ ರೂತವ್ವ ಹೊರಟು ಹೋಗಲಿಲ್ಲ. ಜನರೆಲ್ಲ ನಿಂತಿದ್ದಾಗ ನಡುವಿನ ದಾರಿಯಲ್ಲಿ ನೇರವಾಗಿ ಅಯ್ಯನವರ ಮುಂದೆ ಬಂದಳು. ನನ್ನ ಕಡೆ ಕೈ ಮಾಡಿದಳು.

"ಅಯ್ಯನೋರ, ಈ ಬುಧವಾರ ಎಲ್ಲಾರೂ ನನ್ನ ಮನಿಗೆ ಬರ್ರಿ. ಇವರೊಬ್ಬರಿಗೆ ನೀಡಿ ನೀಡಿ ನನಗ ಸಾಕಾಗೈತಿ. ಇಷ್ಟು ಉಣ್ಣೂ ಮನಿಶ್ಯಾನ್ನ ಒಬ್ಬಾಕಿ ಹೆಂಗ ಸಂಬಾಳಸ್ಲಿ?"

ಎಲ್ಲರೂ ನಕ್ಕರು. ಅಯ್ಯನವರು ನಗಲಿಲ್ಲ. ನಿಲುವಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅವಳ ಕಡೆ ಬಾಗಿ, "ಎಷ್ಟೊತ್ತಿಗೆ ಬರೂಣವ್ವಾ?" ಎಂದು ಕೇಳಿದರು.